ಮನೆಯ ವ್ಯಾಲ್ಯೂಯೇಶನ್‌ಗೆ ಮೊದಲು: ಮಂಗಳೂರು, ಉಡುಪಿಯಲ್ಲಿ ನಿಮ್ಮ ಜಾಗ ಯಾವ ಬಗೆಯದ್ದು ಎಂದು ತಿಳಿಯುವ ಕ್ರಮ

ಮನೆ ಸಾಲಕ್ಕೆ ಅರ್ಜಿ ಹಾಕಿದವರು, ಪಾಲು ಮಾಡಿಕೊಳ್ಳಲು ಹೊರಟ ಅಣ್ಣತಮ್ಮಂದಿರು, ಊರಿನ ಮನೆ ಮಾರಲು ಮುಂಬೈಯಿಂದಲೋ ದುಬೈಯಿಂದಲೋ ಬಂದವರು, ಎಲ್ಲರೂ ಒಂದೇ ಕಡೆ ಸಿಕ್ಕಿಬೀಳುತ್ತಾರೆ. ವ್ಯಾಲ್ಯೂವರ್ ಬಂದು ಮನೆ ಅಳೆದು ಹೋಗುತ್ತಾರೆ. ಆಮೇಲೆ ವರದಿಯಲ್ಲಿ ಬೆಲೆ ಅಂದುಕೊಂಡದ್ದಕ್ಕಿಂತ ಎಷ್ಟೋ ಕಡಿಮೆ ಬರುತ್ತದೆ. ಇಲ್ಲವೇ ಬ್ಯಾಂಕಿನ ವಕೀಲರು ಫೈಲನ್ನೇ ವಾಪಸ್ ಕಳಿಸುತ್ತಾರೆ. ಹೆಚ್ಚಿನ ಸಲ ತೊಂದರೆ ಮನೆಯಲ್ಲಿ ಇರುವುದಿಲ್ಲ, ಜಾಗದ ಕಾಗದದಲ್ಲಿ ಇರುತ್ತದೆ.

ಎಡವುವುದು ಕ್ರಮದಲ್ಲಿ. ತೆರಿಗೆ ರಶೀದಿ, ಡೋರ್ ನಂಬರ್, ಕರೆಂಟ್ ಬಿಲ್ ಇದೆ ಎಂದರೆ ಎಲ್ಲ ಸರಿ ಇದೆ ಎಂದು ನಂಬುತ್ತೇವೆ. ಆದರೆ ಅವು ಕೊನೆಯಲ್ಲಿ ನೋಡಬೇಕಾದ ಕಾಗದಗಳು. ಮೊದಲು ಸರ್ವೆ ನಂಬರ್, ಆಮೇಲೆ ಹಕ್ಕು, ಆಮೇಲೆ ಕನ್ವರ್ಷನ್ (ಕೃಷಿ ಜಾಗವನ್ನು ಬೇರೆ ಬಳಕೆಗೆ ಬದಲಿಸುವ ಅನುಮತಿ), ಆಮೇಲೆ ಖಾತಾ (ಪಂಚಾಯತ್ ಅಥವಾ ನಗರ ಸಂಸ್ಥೆಯ ಆಸ್ತಿ ದಾಖಲೆ), ಆಮೇಲೆ ವಲಯ (ಮಾಸ್ಟರ್ ಪ್ಲಾನಿನಲ್ಲಿ ಜಾಗದ ಬಳಕೆ), ಕೊನೆಗೆ ಕಟ್ಟಡ. ಈ ಕ್ರಮ ಬಿಡಬೇಡಿ. ಮೇಲಿನ ಹಂತದಲ್ಲಿ ದೋಷ ಇದ್ದರೆ ಕೆಳಗಿನ ಹಂತದ ಯಾವ ಕಾಗದವೂ ಅದನ್ನು ಸರಿ ಮಾಡುವುದಿಲ್ಲ.

## ಮೊದಲು ಕೈಯಲ್ಲಿ ಇರಬೇಕಾದ್ದು

ನಿಮ್ಮ ಕ್ರಯಪತ್ರ ಅಥವಾ ಪಾಲುಪಟ್ಟಿ, ಅದಕ್ಕಿಂತ ಹಿಂದಿನ ಪತ್ರಗಳು, ಈಗಿನ ಆರ್‌ಟಿಸಿ (ಪಹಣಿ), ಮ್ಯುಟೇಷನ್ (ಹಕ್ಕು ಬದಲಾವಣೆ) ಪ್ರತಿಗಳು, ಸರ್ವೆ ನಕ್ಷೆ, ಕನ್ವರ್ಷನ್ ಆದೇಶ, 9/11 (ಪಂಚಾಯತಿನ ನಮೂನೆ 9 ಮತ್ತು 11) ಅಥವಾ ನಗರದ ಖಾತಾ, ಕಟ್ಟಡದ ಲೈಸೆನ್ಸ್ ಮತ್ತು ನಕ್ಷೆ, ಇಸಿ (ಋಣಭಾರ ಪ್ರಮಾಣಪತ್ರ). ಎಲ್ಲವೂ ಸಿಗಲಿಲ್ಲ ಎಂದು ಕಾಯುತ್ತಾ ಕೂರಬೇಡಿ. ಯಾವುದು ಇಲ್ಲ ಎಂದು ಬರೆದಿಟ್ಟುಕೊಂಡರೆ ಅದೇ ಒಂದು ಮಾಹಿತಿ.

ಇಸಿ ಬಗ್ಗೆ ಒಂದು ಎಚ್ಚರಿಕೆ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನಿನಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ. ಬ್ಯಾಂಕುಗಳು ಸಾಮಾನ್ಯವಾಗಿ 30 ವರ್ಷದ್ದು ಕೇಳುತ್ತವೆ. ಹಳೆಯದಕ್ಕೆ ಉಪನೋಂದಣಿ ಕಚೇರಿಗೆ ಅರ್ಜಿ ಕೊಡಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಹಾಗಾಗಿ ಈ ಅರ್ಜಿ ಮೊದಲ ದಿನವೇ ಹೋಗಲಿ.

ಅಳತೆಯ ಲೆಕ್ಕವೂ ನೆನಪಿರಲಿ. ನಮ್ಮ ಕಡೆ ಮಾತು ಸೆಂಟ್ಸಿನಲ್ಲಿ. 100 ಸೆಂಟ್ಸ್ ಒಂದು ಎಕರೆ, ಒಂದು ಸೆಂಟ್ ಎಂದರೆ 435.6 ಚದರ ಅಡಿ. ಘಟ್ಟದ ಮೇಲಿನ ಗುಂಟೆ ಲೆಕ್ಕದಲ್ಲಿ ಯಾರಾದರೂ ಮಾತಾಡಿದರೆ ಒಂದು ಗುಂಟೆಗೆ ಎರಡೂವರೆ ಸೆಂಟ್ಸ್.

## ಹಂತ 1: ಸರಿಯಾದ ಗ್ರಾಮ, ಸರಿಯಾದ ಸರ್ವೆ ನಂಬರ್

ನಾವು ಕರೆಯುವ ಊರಿನ ಹೆಸರು ಕಂದಾಯ ದಾಖಲೆಯಲ್ಲಿ ಇರಬೇಕೆಂದಿಲ್ಲ. ಮಣಿಪಾಲದ ಮನೆಯ ಆರ್‌ಟಿಸಿ ಶಿವಳ್ಳಿ, ಹೆರ್ಗ ಅಥವಾ 80 ಬಡಗಬೆಟ್ಟು ಗ್ರಾಮದ ಹೆಸರಿನಲ್ಲಿ ಇರಬಹುದು. 76 ಬಡಗಬೆಟ್ಟು ಬೇರೆ, 80 ಬಡಗಬೆಟ್ಟು ಬೇರೆ. ಉಡುಪಿಯ ಪುತ್ತೂರು ಗ್ರಾಮಕ್ಕೂ ದಕ್ಷಿಣ ಕನ್ನಡದ ಪುತ್ತೂರು ತಾಲೂಕಿಗೂ ಸಂಬಂಧ ಇಲ್ಲ. ಹಳೆಯ ಪತ್ರದಲ್ಲಿ ಮಂಗಳೂರು ತಾಲೂಕು ಎಂದಿರುವ ಜಾಗ ಈಗ ಉಳ್ಳಾಲ, ಮೂಲ್ಕಿ ಅಥವಾ ಮೂಡುಬಿದಿರೆ ತಾಲೂಕಿನ ಕೆಳಗೆ ಬರಬಹುದು. ಹಳೆಯ ಉಡುಪಿ ತಾಲೂಕಿನ ಜಾಗ ಕಾಪು ಅಥವಾ ಬ್ರಹ್ಮಾವರದಲ್ಲಿ ಸಿಗಬಹುದು.

ಮಂಗಳೂರು ನಗರದ ಪತ್ರಗಳಲ್ಲಿ ಆರ್.ಎಸ್. ನಂಬರ್, ಟಿ.ಎಸ್. ನಂಬರ್ ಎಂದು ಬೇರೆ ಬೇರೆ ಸರ್ವೆಯ ಎರಡು ನಂಬರ್ ಇರುತ್ತವೆ. ಎರಡನ್ನೂ ಬರೆದುಕೊಳ್ಳಿ. ಒಂದರಲ್ಲಿ ಹುಡುಕಿ ಸಿಗದಿದ್ದರೆ ಜಾಗವೇ ಇಲ್ಲ ಎಂದುಕೊಳ್ಳಬೇಡಿ.

ಜಾಗದಲ್ಲೇ ನಿಂತು ದಿಶಾಂಕ್ ಆ್ಯಪ್ ತೆರೆದರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ತೋರಿಸುತ್ತದೆ. ಅಂಗಳ, ಹಿತ್ತಿಲು, ಬಾವಿಕಟ್ಟೆ, ಗೇಟು, ನಾಲ್ಕು ಕಡೆ ನಿಂತು ನೋಡಿ. ಇದು ಅಂದಾಜಿಗೆ ಮಾತ್ರ, ಗಡಿ ತೀರ್ಮಾನಕ್ಕೆ ಅಲ್ಲ. ಆದರೆ ಹಿತ್ತಿಲಿನಲ್ಲಿ ಬೇರೆ ಸರ್ವೆ ನಂಬರ್ ತೋರಿಸಿದರೆ ಅಲ್ಲೇ ನಿಲ್ಲಿ. ಆ ನಂಬರಿನ ಆರ್‌ಟಿಸಿಯನ್ನೂ ತೆಗೆಸಲೇಬೇಕು.

## ಹಂತ 2: ಆರ್‌ಟಿಸಿಯನ್ನು ಕಲಂ ಕಲಂ ಓದಿ

ಹೆಚ್ಚಿನವರು ಹೆಸರು ಇದೆಯಾ ಎಂದು ನೋಡಿ ಮಡಚಿಡುತ್ತಾರೆ. ಹೆಸರು ಇರುವುದು 9ನೇ ಕಲಂನಲ್ಲಿ. ಅದರ ಪಕ್ಕದಲ್ಲಿ ನಿಮ್ಮ ಪಾಲಿನ ವಿಸ್ತೀರ್ಣವೂ ಇರುತ್ತದೆ. ಒಂದೇ ಹಿಸ್ಸೆಯಲ್ಲಿ (ಸರ್ವೆ ನಂಬರಿನ ಉಪಭಾಗ) ನಾಲ್ಕು ಹೆಸರು ಇದ್ದು ವಿಸ್ತೀರ್ಣ ಜಂಟಿಯಾಗಿದ್ದರೆ ನಿಮ್ಮ ಭಾಗ ಯಾವುದು ಎಂದು ಆರ್‌ಟಿಸಿ ಹೇಳುವುದಿಲ್ಲ. ಆಗ 11ಇ ನಕ್ಷೆ (ಮಾರುವ ಅಥವಾ ಪಾಲಾಗುವ ಭಾಗವನ್ನು ಗುರುತಿಸುವ ಸರ್ವೆ ನಕ್ಷೆ) ಅಥವಾ ಪೋಡಿ (ಆ ಭಾಗಕ್ಕೆ ಬೇರೆ ನಂಬರ್ ಕೊಡುವುದು) ಆಗಿದೆಯಾ ಎಂದು ಕೇಳಬೇಕು.

3ನೇ ಕಲಂನಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಎ-ಖರಾಬು (ಕೃಷಿಗೆ ಬಾರದ ಜಾಗ), ಬಿ-ಖರಾಬು ಎಂದು ಇರುತ್ತದೆ. ಬಿ-ಖರಾಬು ಎಂದರೆ ದಾರಿ, ತೋಡಿನಂಥ ಸಾರ್ವಜನಿಕ ಬಳಕೆಯ ಜಾಗ. ಅದು ನಿಮ್ಮ ಬೇಲಿಯ ಒಳಗಿದ್ದರೂ ಬೆಲೆಯ ಲೆಕ್ಕಕ್ಕೆ ಬರುವುದಿಲ್ಲ.

10ನೇ ಕಲಂ ಜಾಗ ಹೇಗೆ ಬಂತು ಎಂದು ಹೇಳುತ್ತದೆ. ಅಲ್ಲಿರುವ ಎಂಆರ್ (ಮ್ಯುಟೇಷನ್ ರಿಜಿಸ್ಟರ್) ನಂಬರ್ ಹಿಡಿದು ಮ್ಯುಟೇಷನ್ ಪ್ರತಿ ತೆಗೆಸಿ. 11ನೇ ಕಲಂನಲ್ಲಿ ಸಾಲ, ಇತರರ ಹಕ್ಕು, ಕೋರ್ಟಿನ ತಡೆ, ಷರತ್ತುಗಳು ಇರುತ್ತವೆ. ಎಂದೋ ತೀರಿದ ಸಹಕಾರಿ ಸಂಘದ ಬೆಳೆ ಸಾಲ ಇನ್ನೂ ಅಲ್ಲಿ ಕೂತಿರುವುದು ನಮ್ಮಲ್ಲಿ ಬಹಳ ಮಾಮೂಲು. ಸಂಘದಿಂದ ಋಣಮುಕ್ತ ಪತ್ರ ತಂದು ಅದನ್ನು ತೆಗೆಸಿಯೇ ಮುಂದೆ ಹೋಗಿ.

ಎಚ್ಚರದ ಸೂಚನೆ: ಮಾಲೀಕರ ಕಲಂನಲ್ಲಿ "ಸರ್ಕಾರ" ಎಂದಿದೆ, ಅಥವಾ 11ನೇ ಕಲಂನಲ್ಲಿ ಅರಣ್ಯ ಎಂಬ ಮಾತು ಇದೆ ಎಂದರೆ ವ್ಯಾಲ್ಯೂವರ್‌ನನ್ನು ಕರೆಸುವ ಮೊದಲು ವಕೀಲರನ್ನು ಕಾಣಿ.

## ಹಂತ 3: ಹಕ್ಕಿನ ಬಗೆ ಪತ್ತೆ ಮಾಡಿ

ಕರಾವಳಿಯ ಜಾಗದ ಕಥೆ ಬೆಂಗಳೂರಿನ ಜಾಗದ ಹಾಗಲ್ಲ. ಬೇರೆ ಊರಿನ ಮಾರ್ಗದರ್ಶಿ ನೋಡಿ ಇಲ್ಲಿನ ಫೈಲ್ ಮಾಡುವವರು ಈ ಹಂತವನ್ನೇ ಹಾರಿಸಿಬಿಡುತ್ತಾರೆ. ಹಿಂದಿನ ಪತ್ರಗಳಲ್ಲಿ ಕೆಳಗಿನ ಮಾತುಗಳು ಇವೆಯಾ ಎಂದು ಹುಡುಕಿ.

ವರ್ಗ ಜಾಗ. ಮೂಲದಿಂದ ಬಂದ ಪಟ್ಟಾ (ಖಾಸಗಿ ಒಡೆತನದ) ಜಾಗ. ಬೇರೆ ಷರತ್ತು ಇಲ್ಲದಿದ್ದರೆ ಬೆಲೆ ಕಟ್ಟಲು ಇದು ಸುಲಭ. ಕುಟುಂಬದ ಆಸ್ತಿ ಆಗಿದ್ದರೆ ಪಾಲುಪಟ್ಟಿ ಪೂರ್ತಿ ಓದಿ. ಆಸ್ತಿ ಹೆಣ್ಣಿನ ಕಡೆಯಿಂದ ಬರುವ ಅಳಿಯಸಂತಾನದ ಮನೆತನಗಳಲ್ಲಿ ಹೆಣ್ಣುಮಕ್ಕಳ ಕವರಿನವರ (ಕುಟುಂಬದ ಕವಲು) ಸಹಿ ಬಿಟ್ಟುಹೋಗಿದ್ದರೆ ಹಕ್ಕೇ ಅರ್ಧ ನಿಲ್ಲುತ್ತದೆ.

ಡಿಕ್ಲರೇಶನ್ ಜಾಗ. ಗೇಣಿಗೆ ಇದ್ದವರು 1974ರ ಭೂಸುಧಾರಣೆ ತಿದ್ದುಪಡಿಯ ನಂತರ ನಮೂನೆ 7ರಲ್ಲಿ ಅರ್ಜಿ ಕೊಟ್ಟು, ಭೂ ನ್ಯಾಯಮಂಡಳಿಯಿಂದ ಪಡೆದದ್ದು. ಇದಕ್ಕೆ ನಮೂನೆ 10 (ಹಕ್ಕು ಸಿಕ್ಕಿದ್ದಕ್ಕೆ ಪ್ರಮಾಣಪತ್ರ) ಬೇಕು. ಮಂಡಳಿಯ ಆದೇಶದಿಂದ 15 ವರ್ಷ ಇಂಥ ಜಾಗ ಮಾರುವಂತಿರಲಿಲ್ಲ. ಹಾಗಾಗಿ ಆದೇಶದ ತಾರೀಕು ಮತ್ತು ಮೊದಲ ಕ್ರಯಪತ್ರದ ತಾರೀಕು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಡುವೆ 15 ವರ್ಷ ಆಗಿಲ್ಲದಿದ್ದರೆ ಬ್ಯಾಂಕಿನ ವಕೀಲರು ಅದನ್ನು ಹಿಡಿದೇ ಹಿಡಿಯುತ್ತಾರೆ.

ದರ್ಖಾಸ್ತು ಜಾಗ. ಸರ್ಕಾರ ಮಂಜೂರು ಮಾಡಿದ್ದು. ಎಷ್ಟು ವರ್ಷ ಪರಭಾರೆ ಮಾಡಬಾರದು ಎಂದು ಮಂಜೂರಾತಿ ಆದೇಶದಲ್ಲೇ ಬರೆದಿರುತ್ತದೆ. ಪ್ಲಾಟಿಂಗ್ ಆಗಿದೆಯಾ ಎಂದೂ ನೋಡಿ. ಮಂಜೂರಾದ ವಿಸ್ತೀರ್ಣ ಕಾಗದದಲ್ಲಿದ್ದು ನೆಲದಲ್ಲಿ ಗುರುತಾಗದೆ ಉಳಿದ ಜಾಗ ನಮ್ಮಲ್ಲಿ ಎಷ್ಟೋ ಇದೆ. ಮೂಲ ಮಂಜೂರಾತಿ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಆಗಿದ್ದರೆ ಇಂಥ ಜಾಗದ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ನಿಲ್ಲುವುದಿಲ್ಲ. "ಮೂರು ಕೈ ಬದಲಾಗಿದೆ, ಈಗೇನೂ ಆಗಲ್ಲ" ಎಂದು ಬ್ರೋಕರ್ ಹೇಳಿದರೆ ನಂಬಬೇಡಿ.

ಮೂಲಗೇಣಿ. ಮಂಗಳೂರು, ಉಡುಪಿ ಪೇಟೆಯ ಹಳೆಯ ಮನೆಗಳಲ್ಲಿ ಇದು ಜಾಸ್ತಿ. ಜಾಗದ ಮೂಲಿ ಹಕ್ಕು (ಪೂರ್ಣ ಒಡೆತನ) ಒಬ್ಬರದ್ದು, ಶಾಶ್ವತ ಗೇಣಿಯ ಹಕ್ಕು ಇನ್ನೊಬ್ಬರದ್ದು. ಮೂಲಗೇಣಿದಾರರಿಗೆ ಮಾಲೀಕತ್ವ ಕೊಡುವ ಕಾಯ್ದೆ 2011ರಲ್ಲಿ ಬಂದಿದೆ. ಆದರೆ ಕಾಯ್ದೆ ಬಂತು ಎಂಬುದರಿಂದ ನಿಮ್ಮ ಜಾಗ ತಾನಾಗಿ ಮೂಲಿ ಆಗುವುದಿಲ್ಲ. ಅಧಿಕಾರಿಯ ಆದೇಶ ಅಥವಾ ಮೂಲಿದಾರರು ಹಕ್ಕು ಬಿಟ್ಟುಕೊಟ್ಟ ನೋಂದಾಯಿತ ಪತ್ರ ಕೈಯಲ್ಲಿ ಇರಬೇಕು. ಅದು ಇಲ್ಲದಿದ್ದರೆ ವ್ಯಾಲ್ಯೂವರ್‌ಗೆ ಮೂಲಗೇಣಿ ಎಂದೇ ಹೇಳಿ. ಅವರು ಕಟ್ಟಬೇಕಾದ ಬೆಲೆ ಗೇಣಿ ಹಕ್ಕಿನದ್ದು, ಪೂರ್ಣ ಮಾಲೀಕತ್ವದ್ದಲ್ಲ.

94ಸಿ, 94ಸಿಸಿ. ಭೂಕಂದಾಯ ಕಾಯ್ದೆಯ ಈ ಕಲಂಗಳ ಪ್ರಕಾರ, ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಯನ್ನು ಸಕ್ರಮ ಮಾಡಿ ಕೊಟ್ಟ ಹಕ್ಕುಪತ್ರ. ಹಳ್ಳಿಗೆ 94ಸಿ, ಪಟ್ಟಣಕ್ಕೆ 94ಸಿಸಿ. ಹಕ್ಕುಪತ್ರದ ಹಿಂದೆ ಮುದ್ರಿಸಿರುವ ಷರತ್ತುಗಳನ್ನೂ ಸೇರಿಸಿ ಪ್ರತಿ ತೆಗೆಸಿ. ಮುಂಭಾಗ ಮಾತ್ರ ಝೆರಾಕ್ಸ್ ಮಾಡಿ ಕೊಟ್ಟರೆ ಪ್ರಯೋಜನ ಇಲ್ಲ.

## ಹಂತ 4: ಕುಮ್ಕಿಯನ್ನು ಬೇರೆ ಮಾಡಿ

ಇಷ್ಟು ದುಡ್ಡು, ಇಷ್ಟು ಸಂಬಂಧ ಕೆಡಿಸಿದ ಇನ್ನೊಂದು ವಿಷಯ ನಮ್ಮ ಎರಡು ಜಿಲ್ಲೆಗಳಲ್ಲಿ ಇರಲಿಕ್ಕಿಲ್ಲ. ಅದಕ್ಕೇ ಸ್ವಲ್ಪ ನಿಂತು ಹೇಳುತ್ತೇನೆ.

ವರ್ಗ ಜಾಗದ ಗಡಿಯಿಂದ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ತರಗೆಲೆ, ಹುಲ್ಲು, ಕಟ್ಟಿಗೆ ತೆಗೆದುಕೊಳ್ಳುವ ಸವಲತ್ತು ಕೃಷಿಕನಿಗೆ ಇತ್ತು. ಅದೇ ಕುಮ್ಕಿ. ಸವಲತ್ತು ನಿಮ್ಮದು, ನೆಲ ಸರ್ಕಾರದ್ದು. ತಲೆತಲಾಂತರದಿಂದ ಅನುಭವಿಸಿದ್ದೇವೆ, ತೆಂಗು ನೆಟ್ಟಿದ್ದೇವೆ, ಕಲ್ಲಿನ ಕಂಪೌಂಡು ಹಾಕಿದ್ದೇವೆ ಎಂದರೂ ನೆಲದ ಒಡೆತನ ಬದಲಾಗುವುದಿಲ್ಲ.

ತೊಂದರೆ ಹೀಗೆ ಹುಟ್ಟುತ್ತದೆ. ಕ್ರಯಪತ್ರದಲ್ಲಿ "ಕುಮ್ಕಿ ಹಕ್ಕು ಸಮೇತ" ಎಂದು ಒಂದು ಸಾಲು ಇರುತ್ತದೆ. ಮಾರುವವರು ಕಂಪೌಂಡಿನ ಒಳಗಿನದ್ದೆಲ್ಲ ಸೇರಿಸಿ ಸೆಂಟ್ಸಿನ ಲೆಕ್ಕ ಹೇಳುತ್ತಾರೆ. ಕೊಳ್ಳುವವರು ಅಷ್ಟಕ್ಕೂ ದುಡ್ಡು ಕೊಡುತ್ತಾರೆ. ಒಂದು ಲೆಕ್ಕ ಮಾಡಿ ನೋಡೋಣ. ಬೇಲಿಯ ಒಳಗೆ 28 ಸೆಂಟ್ಸ್ ಇದೆ. ಆರ್‌ಟಿಸಿಯಲ್ಲಿ 18. ಉಳಿದ 10 ಸೆಂಟ್ಸ್ ಪಕ್ಕದ ಸರ್ವೆ ನಂಬರಿನದ್ದು, ಅದರ ಆರ್‌ಟಿಸಿಯಲ್ಲಿ ಮಾಲೀಕರು "ಸರ್ಕಾರ". ವ್ಯಾಲ್ಯೂವರ್ 18 ಸೆಂಟ್ಸಿಗೆ ಮಾತ್ರ ಬೆಲೆ ಕಟ್ಟುತ್ತಾರೆ. ಅದು ಅವರ ತಪ್ಪಲ್ಲ, ಅಲ್ವಾ?

ಮಾಡಬೇಕಾದ್ದು ಇಷ್ಟು. ಸರ್ವೆ ಇಲಾಖೆಗೆ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಪಟ್ಟಾ ಜಾಗದ ಗಡಿ ಗುರುತು ಮಾಡಿಸಿ. ಗ್ರಾಮದ ನಕ್ಷೆಯಲ್ಲಿ ಕುಮ್ಕಿ ಬರುವ ಸರ್ವೆ ನಂಬರ್ ಯಾವುದು ಎಂದು ಬರೆದುಕೊಳ್ಳಿ. ಮುಖ್ಯವಾಗಿ, ಮನೆಯ ಯಾವ ಭಾಗ ಗಡಿ ದಾಟಿದೆ ಎಂದು ನೋಡಿ. ತೋಟ ದಾಟಿದ್ದರೆ ಬೆಲೆ ಕಡಿಮೆ ಆಗುತ್ತದೆ, ಅಷ್ಟೇ. ಅಡುಗೆಮನೆಯ ಮೂಲೆಯೋ ಬಾವಿಯೋ ಸೆಪ್ಟಿಕ್ ಟ್ಯಾಂಕೋ ದಾಟಿದ್ದರೆ ಸಾಲವೇ ನಿಲ್ಲಬಹುದು. ದಾರಿ ಕುಮ್ಕಿಯ ಮೇಲೆ ಹಾದುಹೋಗಿದ್ದರೆ ಅದನ್ನೂ ಬರೆದುಕೊಳ್ಳಿ.

ನಾಗಬನ, ದೈವದ ಕಟ್ಟೆ ಇರುವ ಜಾಗವನ್ನೂ ಇಲ್ಲೇ ಗುರುತು ಮಾಡಿ. ಅದು ಪಟ್ಟಾದ ಒಳಗಿದ್ದರೂ ಯಾರೂ ಕಟ್ಟಡಕ್ಕೆ ಬಳಸುವುದಿಲ್ಲ. ಕುಟುಂಬದವರಿಗೆ ಬಂದು ಹೋಗುವ ಹಕ್ಕು ಪಾಲುಪಟ್ಟಿಯಲ್ಲಿ ಬರೆದಿದ್ದರೆ ಆ ಪುಟವನ್ನೂ ಫೈಲಿಗೆ ಸೇರಿಸಿ.

## ಹಂತ 5: ಕನ್ವರ್ಷನ್ ಎಷ್ಟು ಆಗಿದೆ, ಎಲ್ಲಿ ಆಗಿದೆ

"ಕನ್ವರ್ಷನ್ ಆಗಿದೆ" ಎಂಬ ಮಾತಿನ ಮೇಲೆ ನಿಲ್ಲಬೇಡಿ. ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕೊಟ್ಟ ಆದೇಶದ ಪ್ರತಿ ಹಿಡಿದು ಮೂರು ಸಂಗತಿ ನೋಡಿ: ಯಾವ ಸರ್ವೆ ನಂಬರ್ ಮತ್ತು ಹಿಸ್ಸೆ, ಎಷ್ಟು ಸೆಂಟ್ಸ್, ಯಾವ ಉದ್ದೇಶಕ್ಕೆ.

ಮೇಲಿನ ಲೆಕ್ಕವನ್ನೇ ಮುಂದುವರಿಸೋಣ. ಪಟ್ಟಾ ಇರುವ 18 ಸೆಂಟ್ಸಿನಲ್ಲಿ 10 ಸೆಂಟ್ಸ್ ಮಾತ್ರ ವಾಸ್ತವ್ಯಕ್ಕೆ ಕನ್ವರ್ಷನ್ ಆಗಿದೆ. ಅಂದರೆ 4,356 ಚದರ ಅಡಿ ಮನೆ ಜಾಗ, 8 ಸೆಂಟ್ಸ್ ಕೃಷಿ ಜಾಗ, 10 ಸೆಂಟ್ಸ್ ಕುಮ್ಕಿ. ಒಂದೇ ಕಂಪೌಂಡು, ಮೂರು ಬಗೆ. ಮನೆಯವರ ಕಣ್ಣಿಗೆ ಇದು ಒಂದೇ ಹಿತ್ತಿಲು, ವರದಿಯಲ್ಲಿ ಮೂರು ಸಾಲು.

ಆದೇಶದ ಜೊತೆ ನಕ್ಷೆ ಇದೆಯಾ ಎಂದು ಕೇಳುವವರು ಕಡಿಮೆ. ಹಳೆಯ ಆದೇಶಗಳಲ್ಲಿ 10 ಸೆಂಟ್ಸ್ ಎಂದು ಬರೆದಿರುತ್ತದೆ, ಯಾವ ಮೂಲೆ ಎಂದು ಇರುವುದಿಲ್ಲ. ಮನೆ ಕಟ್ಟುವಾಗ ವಾಸ್ತು ನೋಡಿ ಬೇರೆ ಮೂಲೆಗೆ ಸರಿಸಿರುತ್ತಾರೆ. ನಕ್ಷೆ ಇದ್ದರೆ ಅದನ್ನು 11ಇ ನಕ್ಷೆಯ ಮೇಲೆ ಇಟ್ಟು, ಮನೆ ಕನ್ವರ್ಷನ್ ಆದ ಭಾಗದಲ್ಲೇ ಇದೆಯಾ ಎಂದು ಎಂಜಿನಿಯರ್ ಹತ್ತಿರ ಪರೀಕ್ಷೆ ಮಾಡಿಸಿ.

ಉದ್ದೇಶವನ್ನೂ ಸರಿಯಾಗಿ ಓದಿ. ವಾಣಿಜ್ಯಕ್ಕೆ ಎಂದು ಆದ ಜಾಗದಲ್ಲಿ ಮನೆ ಇದ್ದರೆ, ಅಥವಾ ವಾಸ್ತವ್ಯದ ಜಾಗದಲ್ಲಿ ರಸ್ತೆ ಬದಿಗೆ ಮೂರು ಅಂಗಡಿ ಕೋಣೆ ಎಬ್ಬಿಸಿದ್ದರೆ ಮೊದಲೇ ತಿಳಿಸಿ. ಅಂಗಡಿ ಬಾಡಿಗೆ ತೋರಿಸಿ ಜಾಸ್ತಿ ಬೆಲೆ ಬರಿಸಲು ಹೋದರೆ ಉದ್ದೇಶದ ವ್ಯತ್ಯಾಸವೇ ಮೊದಲು ಹೊರಬೀಳುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಾಗ ಕೊಳ್ಳಬಹುದು. ಅದು ಕೊಳ್ಳುವುದಕ್ಕೆ ಮಾತ್ರ. ಕೊಂಡ ಮೇಲೆ ಮನೆ ಕಟ್ಟಲು ಕನ್ವರ್ಷನ್ ಬೇಡ ಎಂದು ಅರ್ಥ ಅಲ್ಲ.

ಗದ್ದೆ ಜಾಗ ಆಗಿದ್ದರೆ ಬೈಲೋ (ತಗ್ಗಿನ ಗದ್ದೆ) ಮಜಲೋ (ನಡು ಎತ್ತರದ್ದು) ಬೆಟ್ಟೋ (ಎತ್ತರದ್ದು) ಎಂದು ಹೇಳಿ. ಆರ್‌ಟಿಸಿಯಲ್ಲಿ ನಂಜ (ನೀರಿನ ಜಾಗ), ಪುಂಜ (ಒಣ ಜಾಗ), ಬಾಗಾಯ್ತು (ತೋಟ) ಎಂದಷ್ಟೇ ಇರುತ್ತದೆ. ಬೈಲು ಜಾಗಕ್ಕೆ ಮಣ್ಣು ತುಂಬಿಸಿ ಮನೆ ಕಟ್ಟಿದ್ದರೆ ಮಳೆಗಾಲದ ನೀರು, ಮುಚ್ಚಿಹೋದ ತೋಡು ಎರಡೂ ಬೆಲೆಯ ಮೇಲೆ ಬರುತ್ತವೆ.

## ಹಂತ 6: 9/11, ಖಾತಾ, ಪ್ರಾಪರ್ಟಿ ಕಾರ್ಡ್

ಪಂಚಾಯತ್ ವ್ಯಾಪ್ತಿಯಲ್ಲಿ ಇ-ಸ್ವತ್ತು ತಂತ್ರಾಂಶದ ಮೂಲಕ ನಮೂನೆ 9 ಮತ್ತು 11 ಸಿಗುತ್ತವೆ. ಇಲ್ಲಿ ಅಕ್ಷರ ಮುಖ್ಯ. 9ರ ಜೊತೆ 11ಎ ಇದ್ದರೆ ಕ್ರಮಬದ್ಧ ಸ್ವತ್ತು. 11ಬಿ ಇದ್ದರೆ ತೆರಿಗೆ ಕಟ್ಟಿಸಿಕೊಳ್ಳಲು ದಾಖಲು ಮಾಡಿದ್ದು, ಅನುಮೋದನೆ ಪಡೆದದ್ದಲ್ಲ. "9/11 ಇದೆ" ಎಂದು ಹೇಳಿದವರ ಕೈಯಲ್ಲಿ ಇರುವುದು 11ಬಿ ಮಾತ್ರ ಆಗಿರಬಹುದು. 9/11ಕ್ಕೆ ಮೊದಲು ಏಕನಿವೇಶನ (ಒಂದೇ ಸೈಟಿನ) ನಕ್ಷೆಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆ ಆಗಿದೆಯಾ ಎಂದೂ ನೋಡಿ.

ನಗರ ವ್ಯಾಪ್ತಿಯಲ್ಲಿ ಇ-ಖಾತಾ. ಎ-ಖಾತಾವೋ (ಕ್ರಮಬದ್ಧ) ಬಿ-ಖಾತಾವೋ (ಕ್ರಮಬದ್ಧವಲ್ಲದ್ದು) ಎಂದು ನೋಡಿ. ಎರಡಕ್ಕೂ ತೆರಿಗೆ ಕಟ್ಟುತ್ತೀರಿ, ಎರಡಕ್ಕೂ ಒಂದೇ ಬೆಲೆ ಇಲ್ಲ. ಮಂಗಳೂರು ಪಾಲಿಕೆ ವ್ಯಾಪ್ತಿಯಲ್ಲಿ ಪ್ರಾಪರ್ಟಿ ಕಾರ್ಡ್ (ಸರ್ವೆ ಇಲಾಖೆಯ ಆಸ್ತಿ ದಾಖಲೆ) ಆಗಿದ್ದರೆ ಅದರ ನಕ್ಷೆಯ ಅಳತೆಯನ್ನು ಕ್ರಯಪತ್ರದ ಅಳತೆಯ ಜೊತೆ ಹೋಲಿಸಿ.

ಮೊದಲು ಪಂಚಾಯತ್ ಆಗಿದ್ದು ಈಗ ಪುರಸಭೆ, ಪಟ್ಟಣ ಪಂಚಾಯತ್ ಆದ ಊರುಗಳಲ್ಲಿ ಹಳೆಯ 9/11 ಹಿಡಿದು ಹೋದರೆ ಸಾಲದು. ಕಾಪು, ಸೋಮೇಶ್ವರ, ಕೋಟೆಕಾರು, ಬಜಪೆಯವರು ಇದನ್ನು ಗಮನಿಸಿ. ಹೊಸ ಸಂಸ್ಥೆಯ ಖಾತಾ ಬೇಕು.

## ಹಂತ 7: ಮಾಸ್ಟರ್ ಪ್ಲಾನ್ ಮತ್ತು ಸಿಆರ್‌ಝಡ್

ನಗರಾಭಿವೃದ್ಧಿ ಪ್ರಾಧಿಕಾರದಿಂದ ಆ ಸರ್ವೆ ನಂಬರಿಗೆ ವಲಯ ದೃಢೀಕರಣ ಪತ್ರ ತೆಗೆಸಿ. ವಾಸ್ತವ್ಯ, ವಾಣಿಜ್ಯ, ಕೃಷಿ, ಸಾರ್ವಜನಿಕ ಉಪಯೋಗ, ಯಾವುದೆಂದು ಅದರಲ್ಲಿ ಇರುತ್ತದೆ. ರಸ್ತೆ ಅಗಲೀಕರಣದ ಗುರುತು ಜಾಗದ ಮೇಲೆ ಇದೆಯಾ ಎಂದು ಕೇಳಲು ಮರೆಯಬೇಡಿ. ಪೇಟೆಯ ಮನೆಗಳಿಗೆ ಇದರಿಂದ ಅಂಗಳವೇ ಹೋಗುವುದುಂಟು.

ಸಮುದ್ರದ ಕಡೆ ಉಬ್ಬರದ ರೇಖೆಯಿಂದ 500 ಮೀಟರ್‌ವರೆಗೆ ಸಿಆರ್‌ಝಡ್, ಅಂದರೆ ಕಟ್ಟಡಕ್ಕೆ ನಿರ್ಬಂಧ ಇರುವ ಕರಾವಳಿ ನಿಯಂತ್ರಣ ವಲಯ. ಮಲ್ಪೆ, ಪಡುಕೆರೆ, ತಣ್ಣೀರುಬಾವಿ, ಉಳ್ಳಾಲ, ಸೋಮೇಶ್ವರದವರಿಗೆ ಇದು ಗೊತ್ತು. ಮರೆಯುವವರು ನದಿ ಬದಿಯವರು. ಉಬ್ಬರದ ನೀರು ಏರುವ ನೇತ್ರಾವತಿ, ಗುರುಪುರ, ಶಾಂಭವಿ, ಉದ್ಯಾವರ, ಸ್ವರ್ಣಾ, ಸೀತಾ ನದಿಗಳ ದಡಕ್ಕೂ ನಿಯಮ ಇದೆ. 2019ರ ಅಧಿಸೂಚನೆಯಲ್ಲಿ ಇದು 50 ಮೀಟರ್ ಅಥವಾ ನದಿಯ ಅಗಲ, ಯಾವುದು ಕಡಿಮೆಯೋ ಅದು. ದೂರವನ್ನು ಸುಮ್ನೆ ಟೇಪು ಹಿಡಿದು ಅಳೆಯಬೇಡಿ, ರೇಖೆ ಎಲ್ಲಿದೆ ಎಂಬುದು ಕರಾವಳಿ ವಲಯ ನಕ್ಷೆಯಲ್ಲಿ ಇರುತ್ತದೆ. ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿಯಲ್ಲಿ ಸರ್ವೆ ನಂಬರ್ ಕೊಟ್ಟು ಕೇಳಿ.

## ಹಂತ 8: ಕಟ್ಟಡ

ಇಲ್ಲಿಗೆ ಬರುವ ಹೊತ್ತಿಗೆ ಅರ್ಧ ಕೆಲಸ ಮುಗಿದಿರುತ್ತದೆ. ಲೈಸೆನ್ಸ್ ನಕ್ಷೆಯಲ್ಲಿ ಎಷ್ಟು ಚದರ ಅಡಿ, ನೆಲದಲ್ಲಿ ಎಷ್ಟು ಇದೆ ಎಂದು ಅಳೆಯಿರಿ. ಮಳೆಗೆಂದು ಮೇಲೆ ಶೀಟು ಹಾಕಿ, ಆಮೇಲೆ ಗೋಡೆ ಎಬ್ಬಿಸಿ, ಬಾಡಿಗೆಗೆ ಕೊಟ್ಟ ಮಹಡಿ ನಕ್ಷೆಯಲ್ಲಿ ಇರುವುದಿಲ್ಲ. ಅದನ್ನು ಬೇರೆಯಾಗಿಯೇ ತೋರಿಸಿ.

ಫ್ಲ್ಯಾಟ್ ಆಗಿದ್ದರೆ ಕಂಪ್ಲೀಷನ್ ಸರ್ಟಿಫಿಕೇಟ್, ಕ್ರಯಪತ್ರದಲ್ಲಿ ಬರೆದ ಜಾಗದ ಅವಿಭಜಿತ ಪಾಲು, 1972ರ ಅಪಾರ್ಟ್‌ಮೆಂಟ್ ಕಾಯ್ದೆಯಡಿ ಘೋಷಣಾ ಪತ್ರ ನೋಂದಣಿ ಆಗಿದೆಯಾ, ಇಷ್ಟು ನೋಡಿ. ಡೋರ್ ನಂಬರ್ ಸಿಕ್ಕಿದೆ ಎಂಬುದು ಕಂಪ್ಲೀಷನ್‌ಗೆ ಬದಲಿ ಅಲ್ಲ.

## ಹಂತ 9: ವ್ಯಾಲ್ಯೂವರ್ ಕೈಗೆ ಒಂದು ಪುಟ ಕೊಡಿ

ಫೈಲ್ ದಪ್ಪ ಇದ್ದಷ್ಟೂ ಒಳ್ಳೆಯದು ಎಂದು 80 ಪುಟ ಝೆರಾಕ್ಸ್ ಕೊಡುವವರಿದ್ದಾರೆ. ಮೇಲೆ ಒಂದು ಪುಟ ಇಡಿ. ಸರ್ವೆ ನಂಬರ್, ಹಿಸ್ಸೆ, ಗ್ರಾಮ. ಹಕ್ಕಿನ ಬಗೆ ಮತ್ತು ಅದರ ಆದೇಶದ ತಾರೀಕು. ಕನ್ವರ್ಷನ್ ಆದ ಸೆಂಟ್ಸ್, ಕೃಷಿಯಾಗಿ ಉಳಿದದ್ದು, ಕುಮ್ಕಿ. ಖಾತಾದ ಬಗೆ. ವಲಯ. ಸಿಆರ್‌ಝಡ್ ಇದೆಯೋ ಇಲ್ಲವೋ. ಲೈಸೆನ್ಸಿನ ಚದರ ಅಡಿ, ನೆಲದ ಚದರ ಅಡಿ.

ಸರ್ಕಾರದ ಮಾರ್ಗಸೂಚಿ ದರವನ್ನು ಈಗ ನೋಡಿ, ಮೊದಲಲ್ಲ. ಅದೇ ಗ್ರಾಮದಲ್ಲಿ ಕೃಷಿ ಜಾಗಕ್ಕೆ ಒಂದು ದರ, ಕನ್ವರ್ಷನ್ ಆದ ಜಾಗಕ್ಕೆ ಒಂದು ದರ, ಮುಖ್ಯ ರಸ್ತೆ ಬದಿಗೆ ಇನ್ನೊಂದು. ಬಗೆ ಗೊತ್ತಿಲ್ಲದೆ ಪಟ್ಟಿ ತೆರೆದವರು ತಮಗೆ ಹಿತವಾದ ಸಾಲನ್ನು ಆರಿಸಿಕೊಳ್ಳುತ್ತಾರೆ. ಅದೂ ಅಲ್ಲದೆ ಆ ದರ ಮುದ್ರಾಂಕ ಶುಲ್ಕಕ್ಕಾಗಿ ಇರುವ ಕನಿಷ್ಠ ಲೆಕ್ಕ, ಮಾರುಕಟ್ಟೆ ಬೆಲೆ ಅಲ್ಲ.

ವ್ಯಾಲ್ಯೂವರ್ ಬಂದ ದಿನ ಗಡಿಕಲ್ಲು ಗೊತ್ತಿರುವ ಮನೆಯ ಹಿರಿಯರೊಬ್ಬರು ಜೊತೆಯಲ್ಲಿರಲಿ. ಕುಮ್ಕಿಯ ಗಡಿಯನ್ನು ನೀವೇ ತೋರಿಸಿ. ವರದಿ ಕೈಗೆ ಬಂದ ಕೂಡಲೇ ಮೊತ್ತ ನೋಡುವ ಮೊದಲು ಸರ್ವೆ ನಂಬರ್, ವಿಸ್ತೀರ್ಣ, ಹಕ್ಕಿನ ಬಗೆ ಈ ಮೂರು ಸಾಲು ನಿಮ್ಮ ಪುಟದ ಜೊತೆ ಸರಿಹೋಗುತ್ತವಾ ಎಂದು ನೋಡಿ. ವ್ಯತ್ಯಾಸ ಇದ್ದರೆ ಬ್ಯಾಂಕಿಗೆ ಹೋಗುವ ಮೊದಲೇ ಆದೇಶದ ಪ್ರತಿ ತೋರಿಸಿ ತಿದ್ದುಪಡಿ ಕೇಳಿ.